ನಲವತ್ತಾರರ ಗೆರೆ

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಸದ್ದು ಈಗಿನವರಿಗೆ ಗೊತ್ತಿಲ್ಲ. ಬಟ್ಟೆ ಅಂಗಡಿಯವನು ಬ್ಲೌಸ್ ಪೀಸಿನ ಅಂಚಿಗೆ ಕತ್ತರಿ ತಾಗಿಸಿ ಪರ್ರೆಂದು ಹರಿಯುತ್ತಾನಲ್ಲ, ಹಾಗೆ ಶುರುವಾಗುತ್ತಿತ್ತು. ಸಾಲು ಮುಗಿದಾಗ ಒಂದು ಕ್ಷಣ ಉಸಿರು ಹಿಡಿದು ಮತ್ತೆ ಪರ್ರೆನ್ನುತ್ತಿತ್ತು. ಚನ್ನಪಟ್ಟಣದ ಹೊರಗೆ, ಮೈಸೂರು ರಸ್ತೆಯಿಂದ ಒಂದಿಷ್ಟು ಒಳಗಿದ್ದ ಆ ಗೊಂಬೆ ಶೆಡ್ಡಿನಲ್ಲಿ ಆರು ಲೇತುಗಳು ಒಟ್ಟಿಗೆ ಗುಂಯ್‌ಗುಡುತ್ತಿದ್ದರೂ ನನ್ನ ಪ್ರಿಂಟರು ಅವನ್ನೆಲ್ಲ ಮೀರಿ ಕಿರುಚುತ್ತಿತ್ತು. ಕೆಲಸದವರು ತಲೆ ಎತ್ತದೆಯೇ, "ಮಿಸ್ಸು ಶುರು ಹಚ್ಕಂಡ್ರು" ಎನ್ನುತ್ತಿದ್ದರು. ಅದು ನನ್ನ ಕಿವಿಗೂ ಬೀಳುವಷ್ಟು ಜೋರಾಗಿಯೇ ಇರುತ್ತಿತ್ತು.

ನಾನು ಅಲ್ಲಿಗೆ ಹೋಗಿ ಸೇರಿದ್ದು ಎರಡು ಸಾವಿರದ ಇಸವಿ ಕಳೆದ ಸ್ವಲ್ಪ ವರ್ಷಕ್ಕೆ. ರಾಮನಗರದ ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಮ್ಯಾಥ್ಸ್ ಕಲಿಸಿ, ಅದೇ ಗೇಟಿನಿಂದ ಒಂದು ಹಾರ, ಒಂದು ಗೋಡೆ ಗಡಿಯಾರ ಹಿಡಿದುಕೊಂಡು ರಿಟೈರ್ ಆಗಿ ಹೊರಬಂದವಳು ನಾನು. ಯಜಮಾನರು ಹೋಗಿ ಎರಡು ವರ್ಷವಾಗಿತ್ತು. ಮಧ್ಯಾಹ್ನಗಳು ಬಹಳ ಉದ್ದವಾಗಿದ್ದವು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುವಂತೆ, ಬಸ್ ಸ್ಟ್ಯಾಂಡ್ ಎದುರಿನ ಮಹಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ನನ್ನ ಬ್ಯಾಚಿನಲ್ಲಿದ್ದವರೆಲ್ಲ ನನ್ನ ಸ್ಟೂಡೆಂಟುಗಳ ಮಕ್ಕಳು. ಸಿ ಲ್ಯಾಂಗ್ವೇಜ್ ನನಗೆ ಬೇಗ ಹಿಡಿಸಿತು. ಅದೂ ನನ್ನ ಹಾಗೆ ಕಾನ್ವೆಂಟಿನದು. ಒಂದು ಸೆಮಿಕೋಲನ್ ಬಿಟ್ಟರೆ ಬೆಂಚಿನ ಮೇಲೆ ನಿಲ್ಲಿಸುತ್ತದೆ.

ಆ ಸುದ್ದಿ ಹೇಗೋ ತಲುಪಿ, ಗೊಂಬೆ ಶೆಡ್ಡಿನ ಮಾಲೀಕ ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಬಂದ. ಅವನು ನನ್ನ ಹಳೇ ಸ್ಟೂಡೆಂಟ್. ಏಳನೇ ಕ್ಲಾಸಿನಲ್ಲಿ ಮ್ಯಾಥ್ಸಿಗೆ ಇಪ್ಪತ್ತೆಂಟು ತೆಗೆದಿದ್ದವನು. ಮೂವತ್ತೈದು ಮಾಡಿ ಮುಂದೆ ತಳ್ಳಿದವಳು ನಾನೇ. ಅವನ ಅಪ್ಪನ ಕಾಲದಲ್ಲಿ ಆ ಕೆಲಸ ಊರೊಳಗಿನ ಓಣಿಯಲ್ಲಿ ನಡೆಯುತ್ತಿತ್ತು. ಈಗ ರಸ್ತೆ ಅಗಲವಾಗಿ, ಹಿಪ್ಪುನೇರಳೆ ತೋಟಗಳ ಮಧ್ಯೆ ಕಾಂಪೌಂಡುಗಳು ಎದ್ದು, ಹಾರೋಹಳ್ಳಿ ಕಡೆ ಫ್ಯಾಕ್ಟರಿ ಮೇಲೆ ಫ್ಯಾಕ್ಟರಿ ಬರುತ್ತಿದ್ದ ಕಾಲ. ಇವನೂ ಒಂದು ತಗಡಿನ ಶೆಡ್ ಹಾಕಿ ಬಾಗಿಲಿಗೆ 'ಯೂನಿಟ್' ಎಂದು ಬೋರ್ಡ್ ಬರೆಸಿದ್ದ.

"ಮಿಸ್, ನಂಗೆ ಒಂದ್ ಗ್ರಾಫ್ ಬೇಕು. ಫಾರಿನ್ ಬಯ್ಯರ್ ಬಂದಾಗ ಗೋಡೆ ಮ್ಯಾಲೆ ಇರ್ಬೇಕು," ಎಂದ.

"ಯಾವುದರ ಗ್ರಾಫು?"

"ಯಾವ್ದಾದ್ರೂ ಸರಿ ಮಿಸ್. ಒಸಿ ಚೆನ್ನಾಗಿರ್ಬೇಕು, ಅಷ್ಟೆ."

ಕೊನೆಗೆ ನಾನೇ ಕೇಳಿ ಕೇಳಿ ತಿಳಿದುಕೊಂಡೆ. ಆರ್ಡರ್ ಬಂದಿದ್ದು ಎಳೆಮಕ್ಕಳು ಉರುಳಿಸಿ ಆಡುವ ಮರದ ಗುಂಡುಗಳಿಗೆ. ದಪ್ಪ ನಿಂಬೆಹಣ್ಣಿನಷ್ಟು ಗಾತ್ರ. ಅಡ್ಡಳತೆ ನಲವತ್ತಾರು ಮಿಲಿಮೀಟರಿಗಿಂತ ಕಡಿಮೆ ಇರಕೂಡದು, ನಲವತ್ತೆಂಟಕ್ಕಿಂತ ಹೆಚ್ಚಿರಕೂಡದು. ಹೆಚ್ಚಾದರೆ ಡಬ್ಬಿಗೆ ಕೂರುವುದಿಲ್ಲ, ಅಷ್ಟೆ. ಕಡಿಮೆಯಾದರೆ ಮಗುವಿನ ಗಂಟಲಿಗೆ ಇಳಿಯುತ್ತದೆ. ಅದಕ್ಕೆಂದೇ ಬಯ್ಯರ್ ಕಡೆಯವರು ಒಂದು ಸ್ಟೀಲ್ ಬಳೆ ಕಳಿಸಿದ್ದರು. ಅದರ ಒಳಗಿನ ಅಗಲ ನಲವತ್ತೈದು. ಬಳೆಯೊಳಗೆ ತೂರಿದ ಗುಂಡು ಮಗುವಿನ ಕೈಗೆ ಹೋಗಕೂಡದು ಎಂದು ಲೆಕ್ಕ. ನಮ್ಮವರು ಆ ಬಳೆಯನ್ನು ಏನು ಮಾಡಿದ್ದರು ಅಂದರೆ, ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಆಫೀಸಿನ ದೇವರ ಫೋಟೋಗಳ ಕೆಳಗೆ ಮೊಳೆಗೆ ನೇತುಹಾಕಿಬಿಟ್ಟಿದ್ದರು. ಪೂಜೆಯಾದ ಮೇಲೆ ಅದನ್ನು ಕೆಳಗಿಳಿಸಿ ಗುಂಡು ತೂರಿಸಿ ನೋಡುವ ಧೈರ್ಯ ಯಾರಿಗಿದೆ? ದಿನಾ ಬೆಳಿಗ್ಗೆ ಅದಕ್ಕೂ ಊದುಬತ್ತಿ ಸಿಗುತ್ತಿತ್ತು.

ಗುಂಡು ಕಡೆಯುತ್ತಿದ್ದವರು ಚಾಚಾ ಒಬ್ಬರೇ. ನನಗಿಂತ ಎರಡು ವರ್ಷ ಚಿಕ್ಕವರು. ಊರಿಗೆಲ್ಲ ಚಾಚಾ ಆದ್ದರಿಂದ ನನಗೂ ಚಾಚಾ. ಅವರಿಗೆ ನಾನು ಟೀಚರಮ್ಮ. ಚೌಕಳಿ ಲುಂಗಿ, ತೋಳಿನ ಬನಿಯನ್, ಕಿವಿಗೆ ಸಿಕ್ಕಿಸಿದ ಬೀಡಿ. ಹಾಲೆ ಮರದ ತುಂಡು ಲೇತಿಗೆ ಸಿಕ್ಕಿಸಿ ಉಳಿ ತಾಗಿಸಿದರೆ ಬೆಣ್ಣೆ ಕೆರೆದಂತೆ ಸುರುಳಿ ಸುರುಳಿಯಾಗಿ ಸಿಪ್ಪೆ ಬೀಳುತ್ತಿತ್ತು. ಆಮೇಲೆ ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಹರಡುತ್ತಿತ್ತು. ಮೇಲೆ ತಾಳೆಗರಿ ಒತ್ತಿ ಹೊಳಪು. ಅವರು ಅಳತೆಯ ಕೋಲು ಮುಟ್ಟಿದ್ದನ್ನು ನಾನು ಕಾಣೆ. ಅವರ ಅಳತೆ ಬೇರೆ ಇತ್ತು. ದಿನದ ಕೊನೆಯ ಗುಂಡನ್ನು ಲೆಕ್ಕಕ್ಕೆ ಕೊಡದೆ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಮಾರನೆ ಬೆಳಿಗ್ಗೆ ಅದನ್ನು ಎಡಗೈಯಲ್ಲಿಟ್ಟುಕೊಂಡು, ಹೊಸದನ್ನು ಬಲಗೈ ಬೆರಳಲ್ಲಿ ಉರುಳಿಸಿ ಎರಡೂ ಸಮ ಅನ್ನಿಸಿದರೆ ಸರಿ. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ ಬಿದ್ದಂತೆ. ಶೆಡ್ಡಿನಲ್ಲಿ ಅದಕ್ಕೆ ಹೆಪ್ಪಿನ ಗುಂಡು ಎಂದೇ ಹೆಸರು. ಅವರ ಉಸ್ತಾದರೂ ಹಾಗೇ ಮಾಡುತ್ತಿದ್ದರಂತೆ.

ಅಳೆಯುವ ಕೆಲಸಕ್ಕೆ ಇನ್ನೊಬ್ಬಳಿದ್ದಳು. ಕೈಲಾಂಚದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಎರಡು ಮಕ್ಕಳ ತಾಯಿ. ಮನೆಯಲ್ಲಿ ಹಸು, ರೇಷ್ಮೆಹುಳು, ಒಬ್ಬ ಅತ್ತೆ. ಇವುಗಳಲ್ಲಿ ಯಾವುದಕ್ಕೆ ಹಸಿವು ಜಾಸ್ತಿ ಎಂದು ದಿನಾ ನಮಗೆ ವರದಿ ಒಪ್ಪಿಸುತ್ತಿದ್ದಳು. ಚಾಚಾ ಕಡೆದ ಗುಂಡುಗಳಲ್ಲಿ ದಿನಕ್ಕೆ ಇಪ್ಪತ್ತನ್ನು ಆರಿಸಿ, ಕ್ಯಾಲಿಪರ್ಸ್ ಹಿಡಿದು ಅಳೆದು ಕಂಪ್ಯೂಟರಿಗೆ ಟೈಪ್ ಮಾಡುವುದು ಅವಳ ಕೆಲಸ. ಆ ಇಪ್ಪತ್ತು ಸಂಖ್ಯೆಗಳನ್ನು ನನ್ನ ಪ್ರೋಗ್ರಾಮು ಒಂದು ಅರೇಯಲ್ಲಿ ಇಟ್ಟುಕೊಳ್ಳುತ್ತಿತ್ತು. ಅರೇ ಅಂದರೆ ಮತ್ತೇನಲ್ಲ, ಅಳಗುಳಿಮಣೆ. ಸಾಲಾಗಿ ಗುಳಿಗಳು, ಗುಳಿಗೊಂದು ಕಾಯಿ. ಎಣಿಕೆ ಮಾತ್ರ ಸೊನ್ನೆಯಿಂದ ಶುರು. ಯಾಕೆಂದು ಕೇಳಿದರೆ ಕ್ಲಾಸಿನ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಇಪ್ಪತ್ತು ಗುಳಿ ತುಂಬಿದ ಮೇಲೆ ಪ್ರೋಗ್ರಾಮು ಗ್ರಾಫ್ ಬರೆದು ಪ್ರಿಂಟರನ್ನು ಕಿರುಚಿಸುತ್ತಿತ್ತು.

ಮೊದಲ ವಾರವೇ ತೊಂದರೆ. ಅವಳು ನಲವತ್ತೇಳು ಪಾಯಿಂಟ್ ಒಂದು ಎಂದು ಹೊಡೆಯುವ ಕಡೆ ಪಾಯಿಂಟ್ ಮರೆತು ನಾನ್ನೂರ ಎಪ್ಪತ್ತೊಂದು ಮಾಡಿಬಿಡುತ್ತಿದ್ದಳು. ಗ್ರಾಫಿನಲ್ಲಿ ಆ ಒಂದು ಗುಂಡು ರಾಮನಗರದ ಬೆಟ್ಟದ ಹಾಗೆ ಎದ್ದು ನಿಂತು, ಮಿಕ್ಕ ಹತ್ತೊಂಬತ್ತೂ ಅದರ ಬುಡದಲ್ಲಿ ನೆಲ ಕಚ್ಚುತ್ತಿದ್ದವು.

"ಚುಕ್ಕಿ ಎಲ್ಲಮ್ಮ?" ಎಂದೆ.

"ಒಂದ್ ಚುಕ್ಕಿ ತಾನೇ ಮಿಸ್. ಅದಿಲ್ದಿದ್ರೆ ಗುಂಡು ಏನ್ ಕುಂಬ್ಳಕಾಯಿ ಆಗ್ಬುಡ್ತದಾ?"

"ಕಂಪ್ಯೂಟರಿಗೆ ಆಗುತ್ತೆ."

"ಹಂಗಾರೆ ಅದ್ಕೆ ಒಸಿ ಬುದ್ಧಿ ಹೇಳಿ. ಬುದ್ಧಿ ಹೇಳೋ ಕೆಲ್ಸ ನಿಮ್ದು ತಾನೇ?"

ಹೇಳಿದೆ. ನಿಜವಾಗಿ ಮಾಡಬೇಕಿದ್ದದ್ದು ಏನೆಂದರೆ, ಅಂಥ ಸಂಖ್ಯೆ ಬಂದರೆ "ಮತ್ತೆ ಅಳೆ" ಎಂದು ಗಂಟೆ ಹೊಡೆಯುವ ಹಾಗೆ ಬರೆಯಬೇಕಿತ್ತು. ಅದಕ್ಕೆ ಅರ್ಧ ದಿನ ಬೇಕು. ನಾನು ಎರಡು ಸಾಲು ಬರೆದೆ. ಗುಳಿಯಲ್ಲಿರುವುದು ನಲವತ್ತಾರಕ್ಕಿಂತ ಕಡಿಮೆಯಿದ್ದರೆ ನಲವತ್ತಾರು ಎಂದುಕೋ. ನಲವತ್ತೆಂಟಕ್ಕಿಂತ ಹೆಚ್ಚಿದ್ದರೆ ನಲವತ್ತೆಂಟು ಎಂದುಕೋ. ಮಧ್ಯದಲ್ಲಿರುವವರ ತಂಟೆಗೆ ಹೋಗಬೇಡ. ಪ್ರೋಗ್ರಾಮಿನವರು ಇದಕ್ಕೆ ಕ್ಲಾಂಪ್ ಅನ್ನುತ್ತಾರೆ, ಕ್ಲಿಪ್ ಅನ್ನುತ್ತಾರೆ. ನನಗೆ ಇದು ಹೊಸದೇನಲ್ಲ. ನಮ್ಮ ಸಿಸ್ಟರ್‌ಗಳು ನಮ್ಮನ್ನು ಬೆಳೆಸಿದ್ದೇ ಹೀಗೆ. ಸ್ಕರ್ಟ್ ಮಂಡಿಯಿಂದ ಮೇಲೆ ಹೋಗಕೂಡದು, ಹಿಮ್ಮಡಿಗೆ ತಾಗಲೂ ಕೂಡದು. ದನಿ ಕೇಳಿಸಬೇಕು, ಪಕ್ಕದ ಕ್ಲಾಸಿಗಲ್ಲ. ನಗಬಹುದು, ಹಲ್ಲು ಕಾಣದ ಹಾಗೆ. ಅದರಲ್ಲಿ ಹನ್ನೆರಡು ವರ್ಷ ಕಳೆದು ಬಂದವಳು ಇಪ್ಪತ್ತು ಗುಂಡುಗಳಿಗೆ ಅದೇ ನ್ಯಾಯ ಕೊಟ್ಟೆ. ಇಪ್ಪತ್ತೆಂಟನ್ನು ಮೂವತ್ತೈದು ಮಾಡುವ ಅಭ್ಯಾಸವೂ ಕೈಯಲ್ಲಿತ್ತು.

ಗ್ರಾಫ್ ಬಹಳ ಚೆನ್ನಾಗಿ ಬರತೊಡಗಿತು. ಮಾಲೀಕ ವಾರವಾರ ಅದನ್ನು ಗೋಡೆಗೆ ಅಂಟಿಸಿದ. ಬಯ್ಯರ್ ಬಂದ, ಕೆಂಪು ಮೂಗಿನ ಮನುಷ್ಯ, ಎಳನೀರು ಕುಡಿದ, ಗೋಡೆ ನೋಡಿದ, "ವಾಟ್ ಕನ್ಸಿಸ್ಟೆನ್ಸಿ" ಎಂದ. ನಾನು ಹಲ್ಲು ಕಾಣದ ಹಾಗೆ ನಕ್ಕೆ. ಚಳಿಗಾಲ ಬರುವ ಹೊತ್ತಿಗೆ ಗೆರೆಯ ಏರಿಳಿತವೂ ನಿಂತು, ನಲವತ್ತಾರರ ಮೇಲೆ ರೈಲು ಕಂಬಿಯ ಹಾಗೆ ನೆಟ್ಟಗೆ ಮಲಗಿತು. ಯಾರಿಗೂ ಅನುಮಾನ ಬರಲಿಲ್ಲ. ಮನುಷ್ಯ ಕೈಯಲ್ಲಿ ಕಡೆದ ಇಪ್ಪತ್ತು ಗುಂಡು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಒಂದೇ ಅಳತೆಗೆ ಬರುವುದುಂಟೇ ಎಂದು ಮೂವತ್ತು ವರ್ಷ ಮ್ಯಾಥ್ಸ್ ಕಲಿಸಿದ ನಾನೂ ಕೇಳಲಿಲ್ಲ. ಚಂದ ಇತ್ತಲ್ಲ, ಸಾಕಾಗಿತ್ತು.

ಆಮೇಲೆ ಕೈಲಾಂಚದವಳು ಒಂದು ವಾರ ಬರಲಿಲ್ಲ. ಅವಳ ಮನೆಯ ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿದ್ದವು. ಆಗ ಅವು ಹಗಲು ರಾತ್ರಿ ಸೊಪ್ಪು ಮೇಯುತ್ತವೆ, ಮನೆಮಂದಿಯೆಲ್ಲ ಅವುಗಳ ಆಳುಗಳಾಗಿರಬೇಕು. ಹಾಗಾಗಿ ಕ್ಯಾಲಿಪರ್ಸ್ ನನ್ನ ಕೈಗೆ ಬಂತು.

ಮೊದಲ ಗುಂಡು ಅಳೆದೆ. ನಲವತ್ತೈದು ಪಾಯಿಂಟ್ ಎರಡು. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದೆ. ಅದೇ. ಎರಡನೆಯದು ನಲವತ್ತೈದು ಪಾಯಿಂಟ್ ಒಂದು. ಏಳನೆಯದು ನಲವತ್ತನಾಲ್ಕು ಪಾಯಿಂಟ್ ಒಂಬತ್ತು. ಇಪ್ಪತ್ತನ್ನೂ ಟೈಪ್ ಮಾಡಿದೆ. ಪ್ರಿಂಟರು ಕಿರುಚಿ ಕಾಗದ ಉಗುಳಿತು. ನಲವತ್ತಾರು, ನಲವತ್ತಾರು, ನಲವತ್ತಾರು. ನನ್ನ ಕೈಯ ಸತ್ಯವನ್ನು ನಾನೇ ಬರೆದ ಎರಡು ಸಾಲು ನನ್ನ ಮುಖಕ್ಕೇ ಸುಳ್ಳು ಮಾಡಿ ಕೊಟ್ಟಿತ್ತು.

ಟೈಪ್ ಮಾಡಿದ ಹಳೆಯ ಅಂಕಿಗಳೆಲ್ಲ ಬೇರೆ ಫೈಲಿನಲ್ಲಿ ಹಾಗೇ ಉಳಿದಿದ್ದವು. ಆ ಎರಡು ಸಾಲು ತೆಗೆದು ಮೂರು ತಿಂಗಳದ್ದನ್ನು ಒಟ್ಟಿಗೆ ಪ್ರಿಂಟ್ ಹಾಕಿದೆ. ಅಲ್ಲಲ್ಲಿ ಚುಕ್ಕಿ ಮರೆತ ಕುಂಬಳಕಾಯಿಗಳು. ಅವನ್ನು ಬೆರಳಿನಿಂದ ಮುಚ್ಚಿ ನೋಡಿದರೆ, ಗೆರೆ ಮೊದಲು ನಲವತ್ತೇಳರ ಸುತ್ತ ಇದ್ದು, ಆಮೇಲೆ ದಿನಕ್ಕೊಂದು ಕೂದಲೆಳೆಯಷ್ಟು, ಬೆಟ್ಟ ಇಳಿಯುವ ಮುದುಕಿಯ ಹಾಗೆ, ಕೆಳಗೆ ಕೆಳಗೆ ಬಂದಿತ್ತು. ಹೆಪ್ಪಿನ ಗುಂಡಿನ ಕೆಲಸ. ಇವತ್ತಿನದು ನಿನ್ನೆಯದಕ್ಕಿಂತ ಒಂದು ಎಳೆ ಚಿಕ್ಕದಾದರೆ ನಾಳೆಗೆ ಅದೇ ಅಳತೆ.

ಮಾಲೀಕನ ಡ್ರಾಯರಿನಲ್ಲಿ ಆಟೋಮ್ಯಾಟಿಕ್ ಲೇತಿನ ಬಣ್ಣದ ಬ್ರೋಷರ್ ಆಗಲೇ ಇತ್ತು. ಒಂದು ಕಾರಣಕ್ಕಾಗಿ ಕಾಯುತ್ತಿದ್ದ. ಈ ಕಾಗದ ಅವನ ಮೇಜಿನ ಮೇಲಿಟ್ಟರೆ ಚಾಚಾನ ಲೇತು ಹೋಯಿತು. ಇಡದಿದ್ದರೆ ಎಲ್ಲೋ ಒಂದು ಮಗು ಬಾಯಿ ತೆರೆದುಕೊಂಡು ಕಾದಿತ್ತು. ಗುಂಡು ತುಂಬಿದ ಪೆಟ್ಟಿಗೆಗಳು ಮಾರನೆಯ ದಿನ ಲಾರಿ ಹತ್ತುವುದಿತ್ತು.

ಮೊಳೆಯಿಂದ ಸ್ಟೀಲ್ ಬಳೆ ತೆಗೆದು ಸೆರಗಿನಲ್ಲಿ ಕುಂಕುಮ ಒರೆಸಿದೆ. ದೇವರುಗಳು ಸುಮ್ಮನೆ ನೋಡುತ್ತಿದ್ದವು. ಅವೂ ಇಷ್ಟು ದಿನ ಏನೂ ಅಳೆದಿರಲಿಲ್ಲ. ಟೀ ಹೊತ್ತಿಗೆ ಶೆಡ್ಡಿನ ಹಿಂದೆ, ಹೊಂಗೆ ಮರದ ಕೆಳಗೆ ಚಾಚಾ ಒಬ್ಬರೇ ಕೂತಿದ್ದಾಗ ಹೋಗಿ ಪಕ್ಕದ ಕಲ್ಲಿನ ಮೇಲೆ ಕೂತು ಹೇಳಿದೆ.

"ಕೈ ಸುಳ್ಳು ಹೇಳಲ್ಲ ಟೀಚರಮ್ಮ," ಎಂದರು. ಸಿಟ್ಟಿರಲಿಲ್ಲ, ನನಗೆ ತಿಳಿಯದ್ದನ್ನು ತಿಳಿಸುವ ದನಿ. "ನಲ್ವತ್ತೈದು ವರ್ಷ ಆಯ್ತು ಈ ಕೆಲ್ಸಕ್ಕೆ."

ನಾನು ಬಳೆ ಕೊಟ್ಟೆ. ಜೇಬಿನಿಂದ ಹೆಪ್ಪಿನ ಗುಂಡು ತೆಗೆದು ಬಳೆಯ ಮೇಲಿಟ್ಟರು. ಅದು ಒಂದಿಷ್ಟೂ ತಡೆಯದೆ ತೂರಿ ಅವರ ಲುಂಗಿಯ ಮಡಿಲಿಗೆ ಬಿತ್ತು. ಎತ್ತಿಕೊಂಡು ಇನ್ನೊಂದು ಮಗ್ಗುಲಿಂದ ಇಟ್ಟರು. ಮತ್ತೆ ಬಿತ್ತು. ಮೂರನೆಯ ಸಲ ಇಡಲಿಲ್ಲ. ಬಲಗೈ ಬೆರಳುಗಳನ್ನು ನನ್ನ ಮುಂದೆ ಚಾಚಿದರು. ಬಿಸಿ ಅರಗು ತಾಗಿ ತಾಗಿ ತುದಿಗಳು ನುಣುಪಾಗಿ, ರೇಖೆಯೇ ಇಲ್ಲದೆ ಹೊಳೆಯುತ್ತಿದ್ದವು.

"ಮಳೆಗಾಲ ಹೋದ್ಮೇಲಿಂದ ಈ ತುದಿ ಮಾತಾಡ್ತಿಲ್ಲ. ಬಿಸಿ ಗೊತ್ತಾಗಲ್ಲ, ತಣ್ಣಗೆ ಗೊತ್ತಾಗಲ್ಲ."

"ಅನುಮಾನ ಬರಲಿಲ್ವೇ ಚಾಚಾ?"

"ಬಂತಲ್ಲಾ. ಸಂಜೆ ಹೋಗೋವಾಗ ದಿನಾ ನಿಮ್ ಕಾಗ್ದ ನೋಡ್ತಿದ್ದೆ. ಗೆರೆ ನೆಟ್ಟಗೈತೆ. ಟೀಚರಮ್ಮನ ಕಂಪ್ಯೂಟ್ರೇ ಸರಿ ಐತೆ ಅಂತದೆ, ಬೆರಳು ಸುಮ್ನೆ ಹೆದರಿಸ್ತೈತೆ ಅಂದ್ಕೊಂಡೆ. ಮನೆಗೋಗಿ ನಿದ್ದೆ ಮಾಡ್ತಿದ್ದೆ."

ಕಾನ್ವೆಂಟಿನಲ್ಲಿ ನಾನು ಅನೇಕ ಪಾಪಗಳ ಪಟ್ಟಿ ಕಲಿತಿದ್ದೇನೆ. ಒಬ್ಬ ಮನುಷ್ಯ ತನ್ನ ಕೈಯನ್ನು ಬಿಟ್ಟು ನನ್ನ ಗೆರೆಯನ್ನು ನಂಬುವ ಹಾಗೆ ಮಾಡುವುದು ಆ ಪಟ್ಟಿಯಲ್ಲಿರಲಿಲ್ಲ.

"ಎರಡ್ ದಿನ ಕೊಡಿ," ಎಂದರು. "ಕಬ್ಬಿಣದ ಅಳ್ತೆ ಇಟ್ಕಂಡು ಸರಿ ಮಾಡ್ತೀನಿ. ಅಯ್ಯಂಗೆ ಹೇಳ್ಬೇಡಿ. ಆ ಮಿಷನ್ ತಂದ್ಬುಟ್ರೆ ನಂಗಲ್ಲಿ ಏನೈತೆ?"

"ಪೆಟ್ಟಿಗೆಗಳು ನಾಳೆ ಹೋಗುತ್ತವೆ ಚಾಚಾ."

ಅವರ ಟೀ ಮೇಲೆ ಕೆನೆ ಕಟ್ಟಿತ್ತು. ಅದನ್ನು ಮರದ ಬುಡಕ್ಕೆ ಚೆಲ್ಲಿ, "ಹಂಗಾರೆ ಹೇಳಿ," ಎಂದು ಎದ್ದು ಹೋದರು.

ಹೇಳಿದೆ. ಮಾಲೀಕ ಕಾಗದವನ್ನು ನೆಟ್ಟಗೆ, ಅಡ್ಡಡ್ಡ, ತಿರುವಿ ಹಾಕಿ ನೋಡಿದ.

"ಮಿಸ್, ಹಳೇ ಗ್ರಾಫೇ ಚೆನ್ನಾಗಿತ್ತು. ಆ ಎರಡ್ ಲೈನ್ ವಾಪಸ್ ಹಾಕ್ಬುಡಿ. ಇದೊಂದ್ ಲೋಡ್ ಹೋಗ್ಲಿ, ಆಮೇಲೆ ನೋಡ್ಕಂಡ್ರಾಯ್ತು."

"ಗುಂಡು?"

"ಗುಂಡು ಯಾರ್ ಅಳೀತಾರೆ ಮಿಸ್?"

ಅವನಿಗೆ ಆಗತಾನೇ ಅಂಬೆಗಾಲಿಡುತ್ತಿದ್ದ ಮಗಳಿದ್ದಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಆಫೀಸಿಗೆ ಕರೆದುಕೊಂಡು ಬಂದಾಗ ನನ್ನ ಕನ್ನಡಕದ ಬಾಕ್ಸನ್ನೂ ಒಮ್ಮೆ ಕಚ್ಚಿದ್ದಳು. ನಾನು ಆ ದಿನದ ಒಂದು ಗುಂಡು ತೆಗೆದು ಮೇಜಿನ ಮೇಲಿಟ್ಟೆ. "ಸರಿಯಪ್ಪ. ಇದನ್ನ ಇವತ್ತು ನಿನ್ನ ಮಗಳಿಗೆ ತಗೊಂಡು ಹೋಗಿ ಕೊಡು. ನಾಳೆ ಬೆಳಿಗ್ಗೆ ಬಂದು ನಾನೇ ಆ ಲೈನ್ ಹಾಕಿಕೊಡ್ತೀನಿ."

ಅವನು ಗುಂಡಿನ ಕಡೆ ನೋಡಿದ, ಮುಟ್ಟಲಿಲ್ಲ. ಇಪ್ಪತ್ತೆಂಟು ಮಾರ್ಕಿನವನಾದರೂ ಆ ಲೆಕ್ಕ ಅವನಿಗೆ ಬಂತು. "ಪೆಟ್ಟಿಗೆ ಬಿಚ್ಚಿಸಿ ಮಿಸ್," ಎಂದ.

ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿದ್ದಾಯಿತು. ನಾವೆಲ್ಲ ಸೇರಿ ನೋಡೋಣ ಎಂದರೆ ಚಾಚಾ ಬಳೆಯನ್ನು ಯಾರ ಕೈಗೂ ಕೊಡಲಿಲ್ಲ. ಚಾಪೆ ಹಾಸಿಕೊಂಡು ಕೂತು ಒಂದೊಂದಾಗಿ ತಾವೇ ತೂರಿಸಿ ನೋಡಿದರು. ನಿಂತದ್ದು ಬಲಕ್ಕೆ, ತೂರಿದ್ದು ಎಡಕ್ಕೆ. ಮೊದಮೊದಲು ಎಡಗಡೆ ಬುಟ್ಟಿ ಖಾಲಿ ಇತ್ತು. ಕೊನೆಯ ಪೆಟ್ಟಿಗೆಗಳಿಗೆ ಬರುವಾಗ ಅದರಲ್ಲಿ ಒಂದರ ಮೇಲೊಂದು ಟಕ್ ಟಕ್ ಎಂದು ಬೀಳತೊಡಗಿದವು. ಲೇತುಗಳನ್ನೆಲ್ಲ ಯಾರೂ ಹೇಳದೆಯೇ ನಿಲ್ಲಿಸಿದ್ದರು. ಸಂಜೆಯಾದರೂ ಯಾರೂ ಬಸ್ಸಿಗೆ ಹೋಗಲಿಲ್ಲ.

ಹುಳು ಗೂಡು ಕಟ್ಟಿದ ಮೇಲೆ ಕೈಲಾಂಚದವಳು ಬಂದಳು. "ನಂಗೊತ್ತಿತ್ತು ಮಿಸ್," ಎಂದಳು. "ನಾನು ನಲ್ವತ್ತೈದೂವರೆ ಅಂತ ಒತ್ತಿದ್ರೆ ಅದು ನಲ್ವತ್ತಾರು ಅಂತಿತ್ತು. ಮಿಸ್ಸು ಬುದ್ಧಿ ಹೇಳ್ಕೊಟ್ಟವ್ರಲ್ಲ, ಅದ್ಕೇ ತಿದ್ಕತೈತೆ ಅಂದ್ಕಂಡೆ."

"ನನಗೊಂದು ಮಾತು ಹೇಳಬಾರದಿತ್ತೇನೆ?"

"ಚುಕ್ಕಿಗೇ ಅಷ್ಟು ಬೈಸ್ಕಂಡೋಳು, ಇನ್ನು ಇದ್ಕೆಷ್ಟು ಬೈಸ್ಕಳ್ಳಿ?"

ಆ ವಾರ ಕೂತು ಪ್ರೋಗ್ರಾಮು ಮತ್ತೆ ಬರೆದೆ. ಅಳತೆ ಮೀರಿದ ಸಂಖ್ಯೆಯನ್ನು ಈಗ ಅದು ತಿದ್ದುತ್ತಿರಲಿಲ್ಲ, ಹಾಗೇ ತೋರಿಸಿ ಪಕ್ಕದಲ್ಲಿ ಒಂದು ನಕ್ಷತ್ರ ಹಾಕುತ್ತಿತ್ತು. ಗ್ರಾಫ್ ಅಂದಗೆಟ್ಟಿತು. ಮಾಲೀಕ ಅದನ್ನು ಗೋಡೆಯಿಂದ ತೆಗೆದು ಫೈಲಿಗೆ ಹಾಕಿದ.

ಆಟೋಮ್ಯಾಟಿಕ್ ಲೇತು ಬೇಸಿಗೆಗೆ ಬಂತು. ಚಾಚಾನಿಗೆ ಬಣ್ಣದ ಅರಗು ಕಾಸಿ ಕಡ್ಡಿ ಮಾಡುವ ಕೆಲಸ ಕೊಟ್ಟರು. ಒಲೆ ಮುಂದೆ ಕೂತು ಎಂಟು ದಿನ ಮಾಡಿದರು. ಒಂಬತ್ತನೇ ದಿನ ಬರಲಿಲ್ಲ. ಅವರ ಮನೆಗೆ ಹೋಗಬೇಕೆಂದು ನಾನು ಎಷ್ಟೋ ಸಲ ಓಣಿಯ ತುದಿಯವರೆಗೆ ಹೋಗಿ, ಬಾಳೆಹಣ್ಣು ಕೊಂಡು, ಹಣ್ಣು ಸಮೇತ ವಾಪಸ್ ಬಂದಿದ್ದೇನೆ. ಮನೆಯಲ್ಲಿ ಬಾಳೆಹಣ್ಣಿನ ರಸಾಯನ ಮಾಡಿಕೊಂಡು ಒಬ್ಬಳೇ ತಿನ್ನುತ್ತಿದ್ದೆ. ನನ್ನ ಪಶ್ಚಾತ್ತಾಪಕ್ಕೆ ಶುಗರ್ ಬಂತು.

ಕೊನೆಯ ಸಲ ಅವರನ್ನು ಕಂಡದ್ದು ಮೂರು ವರ್ಷದ ಮೇಲೆ, ರಾಮನಗರದಿಂದ ಕನಕಪುರಕ್ಕೆ ಹೋಗುವ ಬಸ್ಸಿನಲ್ಲಿ. ನಾನು ಹತ್ತಿ ಕಂಬ ಹಿಡಿದು ನಿಂತಿದ್ದೆ. ಮುಂದಿನ ಸೀಟಿನಿಂದ ಒಬ್ಬರು ಎದ್ದು, "ಕೂತ್ಕಳಿ ಟೀಚರಮ್ಮ," ಎಂದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಬೇಡ ಎಂದರೆ, "ನಂಗಿಂತ ಎರಡ್ ವರ್ಷ ದೊಡ್ಡೋರು ನೀವು" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು. ಕೂತೆ. ಮಗಳ ಊರಿಗೆ ಹೋಗುತ್ತಿದ್ದರಂತೆ. ಅಳಿಯ ಕಲ್ಲುಕ್ವಾರಿಯಲ್ಲಿ ಲಾರಿ ಓಡಿಸುತ್ತಾನಂತೆ, ಒಳ್ಳೆಯವನಂತೆ, ಮಾತು ಕಡಿಮೆಯಂತೆ. ನಾನು ಮೂರು ವರ್ಷ ಕಟ್ಟಿಕೊಂಡಿದ್ದ ಕ್ಷಮೆಯ ಮಾತನ್ನು ಅರ್ಧಕ್ಕೆ ತರುವಷ್ಟರಲ್ಲಿ ಅವರು ತಲೆಯಾಡಿಸಿಬಿಟ್ಟರು.

"ನೀವ್ ಹೇಳ್ದೆ ಇದ್ದಿದ್ರೆ ಚೆನ್ನಾಗಿತ್ತು ಟೀಚರಮ್ಮ. ಹೇಳಿದ್ದೂ ಸರೀನೇ. ಎರಡೂ ಇರ್ಲಿ ಬುಡಿ."

ಕನಕಪುರ ಇನ್ನೂ ಒಂದಿಷ್ಟು ದೂರವಿರುವಾಗ ಒಂದು ಕ್ರಾಸಿನಲ್ಲಿ ಇಳಿದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ, ಕಂಕುಳಲ್ಲಿ ಕೊಡೆ. ಗ್ರಾನೈಟ್ ಹೊತ್ತ ಲಾರಿಗಳು ಸಾಲಾಗಿ ಬರುತ್ತಿದ್ದವು. ಅವರು ರಸ್ತೆ ದಾಟಲು ನಿಂತರು. ನಮ್ಮ ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕತ್ತು ಚಾಚಿ ನೋಡಿದಾಗಲೂ, ಲಾರಿಗಳ ಧೂಳಿನಲ್ಲಿ, ಅವರು ಇನ್ನೂ ಈಚೆಯೇ ನಿಂತಿದ್ದರು.